ಸಲ್ಲುವ ನಾಣ್ಯ: ಗಡಿ ದಾಟುವ ಹಣ ಮತ್ತು ಬೆಲೆಯ ಸತ್ಯ

ಹಣದ ಬೆಲೆ ಹಣದಲ್ಲೇ ಇದೆಯೇ, ಅದನ್ನು ಒಪ್ಪುವವರಲ್ಲಿ ಇದೆಯೇ? ಊರಲ್ಲೇ ಇರುವವರಿಗೆ ಈ ಪ್ರಶ್ನೆ ಏಳುವ ಸಂದರ್ಭ ಕಡಿಮೆ. ದೇಶದ ಗಡಿ ದಾಟುವವರಿಗೆ ಅದು ಮೊದಲ ದಿನವೇ ಎದುರಾಗುತ್ತದೆ. ನಿನ್ನೆ ಅಕ್ಕಿಗೆ, ಹೂವಿಗೆ, ಬಸ್ಸಿನ ಟಿಕೆಟ್ಟಿಗೆ ನಡೆದ ನೋಟನ್ನು ಇಂದು ಅಂಗಡಿಯವರು ನೋಡಿ ಹಿಂದಕ್ಕೆ ಕೊಡುತ್ತಾರೆ. ಕಾಗದ ಅದೇ, ಅಂಕಿ ಅದೇ, ಬಣ್ಣ ಅದೇ. ಬದಲಾದದ್ದು ನಿಂತ ನೆಲ. ಕನ್ನಡದಲ್ಲಿ ಇದಕ್ಕೆ ‘ಸಲ್ಲುವುದು’ ಎಂಬ ಮಾತಿದೆ. ನಾಣ್ಯ ಒಂದು ಕಡೆ ಸಲ್ಲುತ್ತದೆ, ಇನ್ನೊಂದು ಕಡೆ ಸಲ್ಲುವುದಿಲ್ಲ. ಸಲ್ಲದ ನಾಣ್ಯ ಸುಳ್ಳು ನಾಣ್ಯವೇ? ಸಲ್ಲುವ ನಾಣ್ಯದ ಬೆಲೆ ನಿಜವೇ? ಪರದೇಶದಲ್ಲಿ ಯಾವ ಹಣ ಹಿಡಿದು ಹೋಗಬೇಕು, ಯಾವ ರೀತಿಯಲ್ಲಿ ಪಾವತಿ ಮಾಡಬೇಕು ಎಂಬ ಲೆಕ್ಕಾಚಾರದ ಅಡಿಯಲ್ಲಿ ಈ ಎರಡು ಪ್ರಶ್ನೆಗಳಿವೆ.

ಸೋಸಲೆಯ ಪರಿಸರ

ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಸೋಸಲೆ, ವ್ಯಾಸರಾಜ ಮಠದ ಹೆಸರಿನೊಡನೆ ಬೆರೆತುಹೋದ ಊರು. ಆ ಮಠದ ಪರಂಪರೆಯ ಮುಖ್ಯ ಯತಿಗಳಾದ ವ್ಯಾಸತೀರ್ಥರು (ಸುಮಾರು 1460–1539) ಹುಟ್ಟಿದ್ದು ಇದೇ ತಾಲ್ಲೂಕಿನ ಬನ್ನೂರಿನಲ್ಲಿ ಎಂದು ಸಂಪ್ರದಾಯ ಹೇಳುತ್ತದೆ. ‘ನ್ಯಾಯಾಮೃತ’, ‘ತರ್ಕತಾಂಡವ’, ‘ತಾತ್ಪರ್ಯಚಂದ್ರಿಕಾ’ ಎಂಬ ಅವರ ಮೂರು ಗ್ರಂಥಗಳಲ್ಲಿ ಮೊದಲನೆಯದು ಜಗತ್ತು ಮಿಥ್ಯೆಯಲ್ಲ, ಸತ್ಯ ಎಂದು ಸಾಧಿಸುವುದಕ್ಕೆ ಹೊರಟದ್ದು. ಕಣ್ಣಿಗೆ ಕಾಣುವ ಲೋಕದ ಸತ್ಯತ್ವವನ್ನು ಇಷ್ಟು ಬಿಗಿಯಾಗಿ ಸಮರ್ಥಿಸಿದ ಪರಂಪರೆಯ ಊರಿನಲ್ಲಿ ನಿಂತು ಹಣದ ಸತ್ಯತ್ವವನ್ನು ಕೇಳುವುದು ಸಹಜ.

ತೂಗುವ, ಹೋಲಿಸುವ, ಬೆಲೆ ಕಟ್ಟುವ ಕೆಲಸದ ಗುರುತುಗಳು ಈ ನೆಲದಲ್ಲೇ ಇವೆ. ಕಾವೇರಿ–ಕಪಿಲೆಯರ ಸಂಗಮದಲ್ಲಿ, ತಿ. ನರಸೀಪುರದ ಗುಂಜಾ ನರಸಿಂಹನ ಕೈಯಲ್ಲಿ ಒಂದು ಗುಲಗಂಜಿ ಇದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ಸ್ಥಳದ ನಂಬಿಕೆ. ಕೆಂಪು ಮೈಗೆ ಕಪ್ಪು ಚುಕ್ಕೆಯಿಟ್ಟ ಈ ಬೀಜ ಅಕ್ಕಸಾಲಿಗರ ತಕ್ಕಡಿಯ ಹಳೆಯ ತೂಕ; ಒಂದರ ಭಾರ ಸುಮಾರು 0.12 ಗ್ರಾಂ. ಚಿನ್ನ ತೂಗುವ ಅಳತೆಯಿಂದಲೇ ಭಕ್ತರು ಎರಡು ಕ್ಷೇತ್ರಗಳ ಪುಣ್ಯವನ್ನೂ ತೂಗಿದರು. ಇದೇ ತಾಲ್ಲೂಕಿನ ತಲಕಾಡು ಗಂಗರ ರಾಜಧಾನಿಯಾಗಿತ್ತು. 1116ರ ಸುಮಾರಿಗೆ ಅದನ್ನು ಚೋಳರಿಂದ ಗೆದ್ದ ಹೊಯ್ಸಳ ವಿಷ್ಣುವರ್ಧನನು ತನ್ನ ಚಿನ್ನದ ನಾಣ್ಯದ ಮೇಲೆ ಕನ್ನಡ ಅಕ್ಷರಗಳಲ್ಲಿ ‘ಶ್ರೀ ತಲಕಾಡುಗೊಂಡ’ ಎಂದು ಬರೆಸಿದನು. ಆ ನಾಣ್ಯದಲ್ಲಿ ಎರಡು ಸಂಗತಿಗಳು ಒಟ್ಟಿಗೆ ಇದ್ದವು: ತೂಗಿ ನೋಡಬಹುದಾದ ಚಿನ್ನ, ಒಪ್ಪಿಕೊಳ್ಳಬೇಕಾದ ಮುದ್ರೆ. ಚಿನ್ನಕ್ಕೆ ರಾಜ್ಯದ ಗಡಿ ಅಡ್ಡಬರುವುದಿಲ್ಲ, ಮುದ್ರೆಗೆ ಬರುತ್ತದೆ.

ಕಪ್ಪೆಚಿಪ್ಪಿನ ಬೆಳ್ಳಿ ಮತ್ತು ಕಾಗದದ ನೋಟು

ವೇದಾಂತದ ವಾದಗಳಲ್ಲಿ ಮತ್ತೆ ಮತ್ತೆ ಬರುವ ಉದಾಹರಣೆ ಶುಕ್ತಿ–ರಜತದ್ದು. ದಾರಿಯಲ್ಲಿ ಬಿದ್ದ ಕಪ್ಪೆಚಿಪ್ಪು ಹೊಳೆಯುತ್ತದೆ. ನೋಡಿದವನು ಬೆಳ್ಳಿ ಎಂದುಕೊಂಡು ಬಗ್ಗುತ್ತಾನೆ. ಹತ್ತಿರ ಹೋದಾಗ ಚಿಪ್ಪೆಂದು ತಿಳಿಯುತ್ತದೆ. ಅದ್ವೈತದ ಪ್ರಕಾರ ಅಲ್ಲಿ ಕಂಡ ಬೆಳ್ಳಿ ಸತ್ತೂ ಅಲ್ಲ, ಅಸತ್ತೂ ಅಲ್ಲ, ಅನಿರ್ವಚನೀಯ. ಅದು ಪ್ರಾತಿಭಾಸಿಕ, ತೋರಿಕೆಯ ಮಟ್ಟಿನದು. ದಿನನಿತ್ಯದ ಲೋಕ ಅದಕ್ಕಿಂತ ಗಟ್ಟಿಯಾದ ವ್ಯಾವಹಾರಿಕ ಸತ್ಯ. ಬ್ರಹ್ಮಜ್ಞಾನ ಆಗುವವರೆಗೆ ಅದಕ್ಕೆ ಬಾಧೆಯಿಲ್ಲ. ಬ್ರಹ್ಮವೊಂದೇ ಪಾರಮಾರ್ಥಿಕ. ದ್ವೈತದ ಉತ್ತರ ಬೇರೆ. ಚಿಪ್ಪು ನಿಜ, ಅಂಗಡಿಯಲ್ಲಿರುವ ಬೆಳ್ಳಿಯೂ ನಿಜ, ಚಿಪ್ಪಿನ ಜಾಗದಲ್ಲಿ ಕಂಡ ಬೆಳ್ಳಿ ಮಾತ್ರ ಅಲ್ಲಿ ಇರಲೇ ಇಲ್ಲ. ಒಂದು ಭ್ರಮೆಯನ್ನು ತೋರಿಸಿ ಇಡೀ ಲೋಕವನ್ನು ಮಿಥ್ಯೆ ಎನ್ನಲಾಗದು ಎಂಬುದು ವ್ಯಾಸತೀರ್ಥರ ಪಕ್ಷ. ಮಿಥ್ಯಾತ್ವಕ್ಕೆ ಅದ್ವೈತಿಗಳು ಕೊಟ್ಟ ಐದು ಲಕ್ಷಣಗಳನ್ನು ಅವರು ಒಂದೊಂದಾಗಿ ಖಂಡಿಸಿದರು. ಮಧುಸೂದನ ಸರಸ್ವತಿಗಳು ‘ಅದ್ವೈತಸಿದ್ಧಿ’ಯಲ್ಲಿ ಅದಕ್ಕೆ ಪ್ರತ್ಯುತ್ತರ ಕೊಟ್ಟರು.

ಈ ವಾದಕ್ಕೂ ಹಣಕ್ಕೂ ಇರುವ ನಂಟು ಭಾಷೆಯಲ್ಲೇ ಕಾಣುತ್ತದೆ. ರೂಪಾಯಿ ಎಂಬ ಮಾತು ಬಂದದ್ದು ಬೆಳ್ಳಿಯನ್ನು ಸೂಚಿಸುವ ಸಂಸ್ಕೃತದ ‘ರೂಪ್ಯ’ದಿಂದ. ಶಾಸ್ತ್ರದಲ್ಲಿ ಲೋಕದ ಬಾಳುವೆಗೆ ‘ವ್ಯವಹಾರ’ ಎಂಬ ಹೆಸರು; ಕನ್ನಡದ ಮನೆಗಳಲ್ಲಿ ‘ಅವರ ನಡುವೆ ವ್ಯವಹಾರ ಇದೆ’ ಎಂದರೆ ಹಣದ ಕೊಡುಕೊಳ್ಳುವಿಕೆ ಇದೆ ಎಂದೇ ಅರ್ಥ. ಮಾಲ್ಡೀವ್ಸ್ ದ್ವೀಪಗಳಿಂದ ಬಂದ ಕವಡೆ ಭಾರತದಲ್ಲಿ ಶತಮಾನಗಳ ಕಾಲ ಹಣವಾಗಿ ನಡೆಯಿತು. ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎಂಬ ಮಾತು ಅದರ ಉಳಿಕೆ. ಬೆಳ್ಳಿಯ ಭ್ರಮೆ ಹುಟ್ಟಿಸುವ ಚಿಪ್ಪು ಒಂದಾದರೆ, ಯಾರಿಗೂ ಭ್ರಮೆ ಹುಟ್ಟಿಸದೆ ಹಣವಾಗಿಯೇ ನಡೆದ ಚಿಪ್ಪು ಇನ್ನೊಂದು.

ಕಾಗದದ ನೋಟು ಈ ಎರಡರಲ್ಲಿ ಯಾವುದು? ಶುಕ್ತಿ–ರಜತದ ಗುಣವೆಂದರೆ ಸತ್ಯ ತಿಳಿದ ಕೂಡಲೇ ಅದು ಇಲ್ಲವಾಗುತ್ತದೆ. ಚಿಪ್ಪೆಂದು ಗೊತ್ತಾದ ಮೇಲೆ ಯಾರೂ ಅದನ್ನು ಬೆಳ್ಳಿಯ ಅಂಗಡಿಗೆ ಒಯ್ಯುವುದಿಲ್ಲ. ನೋಟಿನ ವಿಷಯ ಹಾಗಲ್ಲ. ಅದು ಕಾಗದವೆಂದು ಚಿಕ್ಕ ಮಕ್ಕಳಿಗೂ ಗೊತ್ತು, ಗೊತ್ತಿದ್ದೂ ಅದು ನಡೆಯುತ್ತದೆ. ತಿಳಿವಳಿಕೆಯಿಂದ ಅಳಿಯದದ್ದು ಭ್ರಮೆಯಲ್ಲ. ತಿಳಿದ ಕೂಡಲೇ ಬೆಲೆ ಕಳೆದುಕೊಳ್ಳುವುದು ಖೋಟಾ ನೋಟು; ಶುಕ್ತಿ–ರಜತಕ್ಕೆ ಸರಿಯಾದ ಹೋಲಿಕೆ ಅದೇ. ಖೋಟಾ ನೋಟು ಎಂಬ ಮಾತಿಗೆ ಅರ್ಥವಿರುವುದು ಸಾಚಾ ನೋಟು ಎಂಬುದು ಇರುವುದರಿಂದ. ಹೀಗೆ ನೋಡಿದರೆ ಹಣದ ಬೆಲೆ ಸತ್ಯವೆಂದೇ ಹೇಳಬೇಕಾಗುತ್ತದೆ. ಆದರೆ ಯಾವ ಬಗೆಯ ಸತ್ಯ?

ಪರತಂತ್ರವಾದ ಬೆಲೆ

ದ್ವೈತಮತದ ಆಚಾರ್ಯರಾದ ಮಧ್ವಾಚಾರ್ಯರ ‘ತತ್ತ್ವಸಂಖ್ಯಾನ’ವು ತತ್ತ್ವವನ್ನು ಮೊದಲ ಹೆಜ್ಜೆಯಲ್ಲೇ ಎರಡಾಗಿ ವಿಂಗಡಿಸುತ್ತದೆ: ಸ್ವತಂತ್ರ, ಪರತಂತ್ರ. ಸ್ವತಂತ್ರ ವಿಷ್ಣು ಒಬ್ಬನೇ, ಉಳಿದುದೆಲ್ಲ ಪರತಂತ್ರ. ಪರತಂತ್ರವೆಂದರೆ ಸುಳ್ಳು ಎಂದಲ್ಲ. ಅದು ಇದೆ, ಇನ್ನೊಂದನ್ನು ಆಶ್ರಯಿಸಿ ಇದೆ. ಈ ವಿಭಾಗ ಇರುವುದು ದೇವರು ಮತ್ತು ಜಗತ್ತಿನ ಸಂಬಂಧವನ್ನು ಹೇಳುವುದಕ್ಕೆ. ಅದನ್ನು ಲೌಕಿಕದ ಹಣಕ್ಕೆ ಹೊಂದಿಸಿ ನೋಡಿದಾಗ ವಿಷಯ ತಿಳಿಯಾಗುತ್ತದೆ. ಹಣದ ಬೆಲೆ ಇದೆ. ಅಚ್ಚು ಹಾಕಿದ ಸರ್ಕಾರ, ಲೆಕ್ಕ ಇಟ್ಟ ಬ್ಯಾಂಕು, ಒಪ್ಪಿ ತೆಗೆದುಕೊಳ್ಳುವ ಜನ, ಇವರನ್ನು ಆಶ್ರಯಿಸಿ ಇದೆ. ಆಶ್ರಯ ಬದಲಾದರೆ ಬೆಲೆಯೂ ಬದಲಾಗುತ್ತದೆ.

2016ರ ನವೆಂಬರ್ 8ರ ರಾತ್ರಿ ಭಾರತದ 500 ಮತ್ತು 1,000 ರೂಪಾಯಿಯ ಹಳೆಯ ನೋಟುಗಳು ರದ್ದಾದವು. ಕಾಗದಕ್ಕೆ ಏನೂ ಆಗಲಿಲ್ಲ. ಅದು ಆತುಕೊಂಡಿದ್ದ ಮಾತು ಹಿಂದಕ್ಕೆ ಹೋಯಿತು. ದೇಶದೊಳಗಿನವರಿಗೆ ಬ್ಯಾಂಕಿಗೆ ಕಟ್ಟಲು ಅವಕಾಶವಿತ್ತು. ನೇಪಾಳದಲ್ಲಿ ಆ ನೋಟುಗಳನ್ನು ಉಳಿಸಿಟ್ಟುಕೊಂಡಿದ್ದ ಎಷ್ಟೋ ಜನಕ್ಕೆ ಆ ದಾರಿ ಸಿಗಲಿಲ್ಲ. 2018ರಲ್ಲಿ ನೇಪಾಳವು 100 ರೂಪಾಯಿಗಿಂತ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿತು. ಇಂಥ ನಿಯಮಗಳು ಮತ್ತೆ ಮತ್ತೆ ಬದಲಾಗುವುದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳದೆ ವಿಧಿಯಿಲ್ಲ. ಭೂತಾನದಲ್ಲಿ 1974ರಲ್ಲಿ ಬಂದ ನ್ಗುಲ್ಟ್ರಮ್ ಭಾರತದ ರೂಪಾಯಿಗೆ ಸರಿಸಮ. ರೂಪಾಯಿಯೂ ಅಲ್ಲಿ ನಡೆಯುತ್ತದೆ. ಒಂದೇ ರೂಪಾಯಿಗೆ ಎರಡು ನೆರೆಮನೆಗಳಲ್ಲಿ ಎರಡು ಬಗೆಯ ಮರ್ಯಾದೆ.

ಚಿನ್ನದ ನಾಣ್ಯ ಇದಕ್ಕೆ ಹೊರತೆಂದು ತೋರಬಹುದು. ವ್ಯಾಸತೀರ್ಥರ ಕಾಲದ ವಿಜಯನಗರದ ವರಹದಲ್ಲಿ ಸುಮಾರು 3.4 ಗ್ರಾಂ ಚಿನ್ನವಿತ್ತು. ಪೋರ್ಚುಗೀಸರು ಅದನ್ನು ‘ಪರ್ದಾವ್’ ಎಂದು ಕರೆದು ತಮ್ಮ ವ್ಯಾಪಾರದಲ್ಲಿ ಬಳಸಿದರು. ಆ ಚಿನ್ನವನ್ನೂ ಯಾರಾದರೂ ಬಯಸಬೇಕು, ಚಿನಿವಾರನು ಒರೆಗಲ್ಲಿಗೆ ಉಜ್ಜಿ ಒಪ್ಪಬೇಕು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಣ್ಯ ಪರೀಕ್ಷಿಸುವ ‘ರೂಪದರ್ಶಕ’ನೆಂಬ ಅಧಿಕಾರಿಯೇ ಇದ್ದಾನೆ. ಚಿನ್ನ ಹೆಚ್ಚು ದೂರ ಸಲ್ಲುತ್ತದೆ, ಅಷ್ಟೇ, ಸ್ವತಂತ್ರವಾಗುವುದಿಲ್ಲ.

ನಂಬುವ ಎರಡು ಬಗೆ

ಜ್ಞಾನವೊಂದು ಸರಿಯೆಂದು ತಿಳಿಯುವುದು ಹೇಗೆ ಎಂಬುದು ‘ತರ್ಕತಾಂಡವ’ದ ಮುಖ್ಯ ಚರ್ಚೆಗಳಲ್ಲೊಂದು. ಹೊರಗಿನ ಆಧಾರದಿಂದಲೇ ತಿಳಿಯಬೇಕು ಎಂಬ ನ್ಯಾಯಮತದ ನಿಲುವು ಪರತಃ ಪ್ರಾಮಾಣ್ಯ. ಜ್ಞಾನ ತಾನಾಗಿಯೇ ಪ್ರಮಾಣ, ಸಂಶಯ ಬಂದಾಗ ಮಾತ್ರ ಪರೀಕ್ಷೆ ಬೇಕು ಎಂಬುದು ಮಾಧ್ವರ ಸ್ವತಃ ಪ್ರಾಮಾಣ್ಯ. ಪಾವತಿಯ ವಿಧಾನಗಳನ್ನೂ ಈ ಎರಡು ಸಾಲಿನಲ್ಲಿ ನಿಲ್ಲಿಸಬಹುದು. ನಗದು ಸ್ವತಃ ಪ್ರಾಮಾಣ್ಯದ ಸಾಲಿನದು: ಕೊಟ್ಟರು, ತೆಗೆದುಕೊಂಡರು, ಮುಗಿಯಿತು. ಅನುಮಾನ ಬಂದಾಗ ಮಾತ್ರ ನೋಟನ್ನು ಬೆಳಕಿಗೆ ಹಿಡಿಯುತ್ತಾರೆ. ಕಾರ್ಡು ಮತ್ತು ಯುಪಿಐ ಪರತಃ ಪ್ರಾಮಾಣ್ಯದ ಸಾಲಿನವು: ಪ್ರತಿ ಸಲವೂ ದೂರದ ಬ್ಯಾಂಕು ‘ಹೌದು’ ಎನ್ನಬೇಕು. ಆ ‘ಹೌದು’ ಬಂದು ತಲುಪದ ಕಡೆ ಖಾತೆಯಲ್ಲಿ ಲಕ್ಷವಿದ್ದರೂ ಚಹಾ ಸಿಗುವುದಿಲ್ಲ.

ದೂರದವರ ‘ಹೌದು’ ಎಂಬ ಮಾತನ್ನು ನೆಚ್ಚುವ ಈ ಬಗೆ ಯಾತ್ರಿಕರಿಗೆ ಹೊಸದಲ್ಲ. ಕಳ್ಳರ ಭಯವಿದ್ದ ದಾರಿಗಳಲ್ಲಿ ನಾಣ್ಯದ ಗಂಟು ಹೊರುವ ಬದಲು ಊರಿನ ಸಾಹುಕಾರರಲ್ಲಿ ಹಣ ಕಟ್ಟಿ ಹುಂಡಿ ಬರೆಸಿಕೊಂಡು, ಹೋದ ಊರಿನಲ್ಲಿ ಅದನ್ನು ತೋರಿಸಿ ಹಣ ಪಡೆಯುತ್ತಿದ್ದರು. ಗುಜರಾತಿನ ಸಂತ ನರಸಿ ಮೆಹ್ತಾನ ಕಥೆ ಪ್ರಸಿದ್ಧ: ದ್ವಾರಕೆಗೆ ಹೊರಟ ಯಾತ್ರಿಕರು ಕೊಟ್ಟ ಹಣಕ್ಕೆ ಆತ ಶಾಮಳಶಾ ಎಂಬ ಹೆಸರಿನ ಮೇಲೆ ಹುಂಡಿ ಬರೆದುಕೊಟ್ಟ; ದ್ವಾರಕೆಯಲ್ಲಿ ಕೃಷ್ಣನೇ ಸಾಹುಕಾರನ ವೇಷದಲ್ಲಿ ಬಂದು ಅದನ್ನು ತೀರಿಸಿದನೆಂದು ಭಕ್ತರು ನಂಬುತ್ತಾರೆ. ಕನ್ನಡದಲ್ಲಿ ದೇವಸ್ಥಾನದ ಕಾಣಿಕೆ ಪೆಟ್ಟಿಗೆಗೂ ಹುಂಡಿ ಎಂದೇ ಹೆಸರು. ಒಂದರಲ್ಲಿ ಇನ್ನೊಬ್ಬರ ಮಾತಿನ ಮೇಲಿನ ನಂಬಿಕೆ, ಇನ್ನೊಂದರಲ್ಲಿ ದೇವರ ಮೇಲಿನ ನಂಬಿಕೆ. ಎರಡರಲ್ಲೂ ಕೊಟ್ಟವನ ಕೈ ಖಾಲಿಯಾಗುತ್ತದೆ, ಮನಸ್ಸು ನಿಶ್ಚಿಂತವಾಗುತ್ತದೆ.

ಮುಕ್ತಿನಾಥದ ದಾರಿಯ ಲೆಕ್ಕ

ಮಾಧ್ವ ಮನೆಗಳಿಗೆ ದೇಶದ ಹೊರಗಿನ ದೊಡ್ಡ ಯಾತ್ರೆಯೆಂದರೆ ನೇಪಾಳದ ಮುಕ್ತಿನಾಥ. ಪೂಜೆಯ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮಗಳ ಮೂಲ ಗಂಡಕಿ ನದಿ ಆ ಸೀಮೆಯದು. ಸುಮಾರು 3,700 ಮೀಟರ್ ಎತ್ತರದ ಆ ಕ್ಷೇತ್ರಕ್ಕೆ ಸಾಮಾನ್ಯವಾಗಿ ಕಠ್ಮಂಡು, ಪೋಖರಾ, ಜೋಮ್‌ಸೋಮ್ ದಾಟಿ ಹೋಗುತ್ತಾರೆ. ಹಣದ ಆಯ್ಕೆಗಳೆಲ್ಲ ಈ ದಾರಿಯಲ್ಲಿ ಒಂದರ ಹಿಂದೆ ಒಂದು ಎದುರಾಗುತ್ತವೆ.

1993ರಿಂದ ಭಾರತದ 1 ರೂಪಾಯಿಗೆ ನೇಪಾಳದ 1.60 ರೂಪಾಯಿ ಎಂಬ ದರ ನಿಂತಿದೆ. ಎರಡಕ್ಕೂ ಹೆಸರು ರೂಪಾಯಿಯೇ ಆದ್ದರಿಂದ ಅಲ್ಲಿನ ಅಂಗಡಿಗಳಲ್ಲಿ ‘ಐಸಿ’ ಎಂದರೆ ಭಾರತದ್ದು, ‘ಎನ್‌ಸಿ’ ಎಂದರೆ ನೇಪಾಳದ್ದು. 800 ಎಂದು ಹೇಳಿದ ಬೆಲೆ ಎನ್‌ಸಿ ಆದರೆ ಅದು ಭಾರತದ 500. ಕೇಳದೆ 800 ಐಸಿ ಎಣಿಸಿದವರು 300 ರೂಪಾಯಿ ಕಳೆದುಕೊಂಡಂತೆ. ಹೆಸರು ಒಂದಾದ ಮಾತ್ರಕ್ಕೆ ವಸ್ತು ಒಂದಾಗುವುದಿಲ್ಲ. ಮಾಧ್ವರ ಪಂಚಭೇದಗಳಲ್ಲಿ ಜಡಕ್ಕೂ ಜಡಕ್ಕೂ ಇರುವ ಭೇದವೂ ಒಂದು. ಮಾರುಕಟ್ಟೆಯಲ್ಲಿ ಅದು ಹೀಗೆ ಕೈಗೆ ಸಿಗುತ್ತದೆ.

ದೂರದ ದೇಶಗಳಲ್ಲಿ ಪ್ರಶ್ನೆ ಇನ್ನೂ ನೇರವಾಗಿ ಬರುತ್ತದೆ. ಕಾರ್ಡು ಹಾಕಿದಾಗ ಯಂತ್ರದ ಪರದೆ ‘ರೂಪಾಯಿಯಲ್ಲಿ ಕೊಡುತ್ತೀರೋ, ಸ್ಥಳದ ಹಣದಲ್ಲೋ’ ಎಂದು ಕೇಳುತ್ತದೆ. ರೂಪಾಯಿ ಒತ್ತಿದರೆ ಪರಿವರ್ತನೆಯ ದರವನ್ನು ಅಂಗಡಿಯ ಕಡೆಯ ಸಂಸ್ಥೆ ನಿಗದಿ ಮಾಡುತ್ತದೆ. ಅದರಲ್ಲಿ ಅವರ ಲಾಭ ಸೇರಿರುತ್ತದೆ. ಸ್ಥಳದ ಹಣ ಒತ್ತಿದರೆ ಕಾರ್ಡಿನ ಜಾಲದ ದರ ಅನ್ವಯಿಸುತ್ತದೆ; ಅದರ ಮೇಲೆ ಭಾರತದ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಶೇ. 2ರಿಂದ 3.5ರಷ್ಟು ಶುಲ್ಕ, ಆ ಶುಲ್ಕದ ಮೇಲೆ ಜಿಎಸ್‌ಟಿ. ಡಾಲರಿಗೆ 90 ರೂಪಾಯಿ ಎಂದಿಟ್ಟುಕೊಂಡರೆ 100 ಡಾಲರಿನ ಬಿಲ್ಲು ಶೇ. 3ರ ಶುಲ್ಕ ಮತ್ತು ಶುಲ್ಕದ ಮೇಲಿನ ಶೇ. 18ರ ತೆರಿಗೆ ಸೇರಿ ಸುಮಾರು 9,319 ರೂಪಾಯಿ ಆಗುತ್ತದೆ. ಯಂತ್ರದ ರೂಪಾಯಿ ದರದಲ್ಲಿ ಶೇ. 5 ಸೇರಿದ್ದರೆ ಅದೇ ಬಿಲ್ಲು 9,450. ಹಾಗೆ ರೂಪಾಯಿ ಆರಿಸಿದ್ದಕ್ಕೂ ಕೆಲವು ಬ್ಯಾಂಕುಗಳು ಬೇರೆ ಶುಲ್ಕ ಹಾಕುತ್ತವೆ. ಹೆಚ್ಚಿಗೆ ಹೋದ ಹಣ ಯಾವ ಸರಕಿಗೂ ಅಲ್ಲ. ಪರಿಚಿತ ಅಂಕಿಯನ್ನು ಕಂಡ ಸಮಾಧಾನಕ್ಕೆ. ಶಾಸ್ತ್ರಗಳು ಮಮಕಾರ ಎನ್ನುವುದು ಇದನ್ನೇ. ತನ್ನದು ಎಂಬ ಕಾರಣಕ್ಕೆ ಸಲ್ಲದ ಕಡೆಯಲ್ಲೂ ಅದನ್ನೇ ಹಿಡಿಯುವುದು.

ಉಳಿದ ವಿಧಾನಗಳಿಗೂ ಒಂದೊಂದು ಗುಣ, ಒಂದೊಂದು ಮಿತಿ ಇವೆ. ಮೊದಲೇ ವಿದೇಶಿ ಹಣ ತುಂಬಿಸಿಕೊಂಡ ಫಾರೆಕ್ಸ್ ಕಾರ್ಡಿನಲ್ಲಿ ದರ ಹೊರಡುವಾಗಲೇ ನಿಗದಿಯಾಗುತ್ತದೆ, ಏರಿಳಿತದ ಚಿಂತೆಯಿಲ್ಲ. ಯುಪಿಐ 2021ರಲ್ಲಿ ಭೂತಾನಕ್ಕೆ, 2024ರಲ್ಲಿ ನೇಪಾಳ, ಶ್ರೀಲಂಕಾ, ಮಾರಿಷಸ್‌ಗಳಿಗೆ ಕಾಲಿಟ್ಟಿದೆ; ಸಂಪರ್ಕ ಕೈಕೊಡುವ ಬೆಟ್ಟದ ಎತ್ತರದಲ್ಲಿ ಅದನ್ನೇ ನಂಬಿಕೊಂಡಿರಲಾಗದು. ಕುದುರೆಯವನಿಗೆ, ಚಹಾದ ಗುಡಿಸಲಿಗೆ, ದೇವರ ಮುಂದಿನ ತಟ್ಟೆಗೆ ಚಿಲ್ಲರೆ ನೋಟೇ ಬೇಕು. ಒಂದೇ ಆಶ್ರಯವನ್ನು ನೆಚ್ಚದೆ ಸ್ವಲ್ಪ ನಗದು, ಒಂದು ಕಾರ್ಡು, ಬೇರೆ ಚೀಲದಲ್ಲಿ ಇನ್ನೊಂದು ಕಾರ್ಡು ಇಟ್ಟುಕೊಳ್ಳುವುದು ಬೆಲೆ ಪರತಂತ್ರವೆಂದು ತಿಳಿದವರ ನಡೆ.

ದೇಶ, ಕಾಲ, ಪಾತ್ರ

ಯಾವ ಪೂಜೆಗೂ ಮೊದಲು ಸಂಕಲ್ಪ ಮಾಡುವವರು ತಾವಿರುವ ದೇಶವನ್ನೂ ಕಾಲವನ್ನೂ ಹೆಸರಿಸುತ್ತಾರೆ. ಕಾವೇರಿಯ ದಡದಲ್ಲಿ ಹೇಳಿದ ಸಂಕಲ್ಪ ಗಂಡಕಿಯ ದಡದಲ್ಲಿ ಹಾಗೆಯೇ ಬರುವುದಿಲ್ಲ; ಅಮೆರಿಕದಲ್ಲಿ ನೆಲೆಸಿದ ಕನ್ನಡದ ಕುಟುಂಬಗಳೂ ಇರುವ ನೆಲಕ್ಕೆ ತಕ್ಕಂತೆ ಅದನ್ನು ಬದಲಿಸಿಕೊಂಡಿವೆ. ದೇವರು ಬದಲಾಗಲಿಲ್ಲ, ಕರ್ಮ ಬದಲಾಗಲಿಲ್ಲ. ನಿಂತ ನೆಲವನ್ನು ಒಪ್ಪಿಕೊಂಡದ್ದಾಯಿತು. ದಾನದ ವಿಷಯದಲ್ಲೂ ದೇಶ, ಕಾಲ, ಪಾತ್ರಗಳನ್ನು ನೋಡಿ ಕೊಟ್ಟದ್ದು ಸಾತ್ತ್ವಿಕ ಎಂದು ಗೀತೆಯ 17ನೆಯ ಅಧ್ಯಾಯ ಹೇಳುತ್ತದೆ. ತೆಗೆದುಕೊಂಡವನು ಬಳಸಲಾಗದ ಹಣವನ್ನು ಕೊಟ್ಟರೆ ಪಾತ್ರವನ್ನು ನೋಡಿದಂತಾಗುವುದಿಲ್ಲ. ದೊಡ್ಡ ವಿದೇಶಿ ನೋಟನ್ನು ಬೆಟ್ಟದ ಮೇಲಿನ ಹೊರೆಯಾಳಿಗೆ ಕೊಟ್ಟರೆ ಅದನ್ನು ಬದಲಿಸುವ ಅಲೆದಾಟವೂ ಕಡಿತವೂ ಅವನ ಪಾಲಿಗೆ. ಸ್ಥಳದ ಹಣದಲ್ಲಿ ಕೊಡುವುದು ಲೆಕ್ಕಕ್ಕೂ ಸರಿ, ಧರ್ಮಕ್ಕೂ ಸರಿ.

ದೇವರ ಸನ್ನಿಧಿಗೆ ಯಾವ ನಾಣ್ಯ ಸಲ್ಲುತ್ತದೆ ಎಂಬ ಪ್ರಶ್ನೆ ಬೇರೆ ಮತಗಳಲ್ಲೂ ಬಂದಿದೆ. ಜೆರುಸಲೇಮಿನ ದೇವಾಲಯದ ಕಂದಾಯವನ್ನು ಟೈರ್ ಪಟ್ಟಣದ ಬೆಳ್ಳಿ ನಾಣ್ಯದಲ್ಲೇ ಕೊಡಬೇಕಾಗಿತ್ತು. ದೂರದಿಂದ ಬಂದ ಯಾತ್ರಿಕರಿಗಾಗಿ ಅಂಗಳದಲ್ಲಿ ಹಣ ಬದಲಿಸುವವರು ಕುಳಿತಿರುತ್ತಿದ್ದರು. ಬೌದ್ಧ ವಿನಯ ಭಿಕ್ಷುಗಳಿಗೆ ಚಿನ್ನ ಬೆಳ್ಳಿಯ ಸ್ವೀಕಾರವನ್ನೇ ನಿಷೇಧಿಸಿತು. ವ್ಯಾಸತೀರ್ಥರ ಶಿಷ್ಯರಾದ ಪುರಂದರದಾಸರು ಮೊದಲು ನವಕೋಟಿ ನಾರಾಯಣನೆನಿಸಿದ ಚಿನಿವಾರರಾಗಿದ್ದು, ಮೂಗುತಿಯ ಪ್ರಸಂಗದ ಅನಂತರ ಎಲ್ಲವನ್ನೂ ಬಿಟ್ಟು ಮಧುಕರ ವೃತ್ತಿ ಹಿಡಿದರೆಂದು ದಾಸ ಪರಂಪರೆ ಹೇಳುತ್ತದೆ. ಒರೆಗಲ್ಲಿನ ಮುಂದೆ ಕುಳಿತು ಬಲ್ಲವರೇ ಹಣ ಎಷ್ಟು ದೂರ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಹೇಳಬಲ್ಲರು. 12ನೇ ಶತಮಾನದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ವಚನವೊಂದು ಈ ಲೋಕವನ್ನು ನಾಣ್ಯ ಅಚ್ಚುಹಾಕುವ ಕಮ್ಮಟಕ್ಕೆ ಹೋಲಿಸುವುದೂ ಇದೇ ಅನುಭವದಿಂದ. ಅಲ್ಲಿ ಒರೆಗೆ ನಿಲ್ಲಬೇಕಾದ ನಾಣ್ಯ ಮನುಷ್ಯನೇ.

ಪರಿವರ್ತನೆಯಿಲ್ಲದ್ದು

ದರವೇ ಅನ್ವಯಿಸದ ವಸ್ತುಗಳೂ ಯಾತ್ರಿಕರ ಚೀಲದಲ್ಲಿರುತ್ತವೆ. ಹರಕೆ ಹೊತ್ತು ಅರಿಸಿನದ ಬಟ್ಟೆಯಲ್ಲಿ ಕಟ್ಟಿದ ಮುಡಿಪಿನ ನಾಣ್ಯ ಅಂಥದು. ಗಂಟು ಬಿದ್ದ ಗಳಿಗೆಯಿಂದ ಅದು ಹಣವಲ್ಲ. ಚಿಲ್ಲರೆಗೆ ಎಷ್ಟೇ ಪರದಾಟವಾದರೂ ಮನೆಯವರು ಅದನ್ನು ಬಿಚ್ಚುವುದಿಲ್ಲ. ಸಾಲಿಗ್ರಾಮಕ್ಕೆ ಬೆಲೆ ಕಟ್ಟಬಾರದು, ಕ್ರಯ ವಿಕ್ರಯ ಮಾಡಬಾರದು ಎಂಬುದು ಸಂಪ್ರದಾಯದ ಕಟ್ಟಳೆ. ಗಂಡಕಿಯ ಸೀಮೆಯಲ್ಲಿ ಕಲ್ಲನ್ನು ಮುಂದಿಟ್ಟು ಐಸಿ, ಎನ್‌ಸಿ ಎಂದು ಬೆಲೆ ಹೇಳುವವರು ಸಿಕ್ಕಾಗ ಶ್ರದ್ಧಾವಂತರು ಹಿಂಜರಿಯುವುದು ಅದಕ್ಕೇ. ಹಣ ಎಲ್ಲವನ್ನೂ ಒಂದೇ ತಕ್ಕಡಿಗೆ ತರುತ್ತದೆ. ಕೆಲವನ್ನು ಆ ತಕ್ಕಡಿಯಿಂದ ಹೊರಗಿಡುವುದು ಧರ್ಮದ ಕೆಲಸ. ಹೊರಗಿಟ್ಟದ್ದರಿಂದ ಹಣ ಸುಳ್ಳಾಗುವುದಿಲ್ಲ, ಅದರ ಎಲ್ಲೆ ಗೊತ್ತಾಗುತ್ತದೆ.

ಯಾತ್ರೆ ಮುಗಿಸಿ ಬಂದವರ ಬಳಿ ಉಳಿದ ವಿದೇಶಿ ಹಣಕ್ಕೂ ಭಾರತದ ಕಾನೂನಿನಲ್ಲಿ ಕಟ್ಟಳೆಯಿದೆ. ನೋಟುಗಳನ್ನು 2,000 ಡಾಲರಿನಷ್ಟು ಬೆಲೆಯವರೆಗೆ ಇಟ್ಟುಕೊಳ್ಳಬಹುದು. ಹೆಚ್ಚಿನದನ್ನು 180 ದಿನಗಳೊಳಗೆ ಬ್ಯಾಂಕಿಗೋ ಅಧಿಕೃತ ವಿನಿಮಯದಾರರಿಗೋ ಒಪ್ಪಿಸಬೇಕು. ನಾಣ್ಯಗಳಿಗೆ ಮಾತ್ರ ಮಿತಿಯಿಲ್ಲ. ಹಣ ಬದಲಿಸುವ ಅಂಗಡಿಗಳು ಸಾಮಾನ್ಯವಾಗಿ ನಾಣ್ಯ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಅವು ಮನೆಯಲ್ಲೇ ಉಳಿಯುತ್ತವೆ. ಸೋಸಲೆಯ ಕಡೆಯ ಮನೆಯೊಂದಕ್ಕೆ ಹಾಗೆ ಬಂದ ನೇಪಾಳದ ನಾಣ್ಯ ಸಂತೆಯಲ್ಲಿ ಸಲ್ಲುವುದಿಲ್ಲ. ಗಂಡಕಿಯ ದಡಕ್ಕೆ ಮತ್ತೆ ಹೊರಟವರ ಕೈಗೆ ಕೊಟ್ಟರೆ ಸಲ್ಲುತ್ತದೆ. ಅದರ ಬೆಲೆ ಇಲ್ಲವಾಗಿಲ್ಲ. ಒಪ್ಪುವವರು ಆ ದಡದಲ್ಲಿದ್ದಾರೆ.